ಎಡಕ್ಕೆ ಬರೆದ ಒಂದು

ಕಂಪ್ಯೂಟರ್ ಕೆಲಸ ಕಲಿಯಲು ಒಬ್ಬರನ್ನು ಬೆಂಗಳೂರಿಗೆ ಕಳಿಸಿಕೊಡಿ ಎಂಬ ಪತ್ರ ನಮ್ಮ ಕಚೇರಿಗೆ ಬಂದಾಗ ಸಾಹೇಬರು ನನ್ನ ಹೆಸರು ಬರೆದು ಕಳಿಸಿದರು. ಅವರು ಕೊಟ್ಟ ಕಾರಣ ಒಂದೇ: ನನ್ನ ಹುದ್ದೆಯ ಹೆಸರೇ ಕಂಪ್ಯೂಟರ್. ಕುಟುಂಬ ಯೋಜನೆಯ ಕಚೇರಿಗಳಲ್ಲಿ ತಿಂಗಳ ವರದಿಗಳ ಅಂಕಿ ಕೂಡಿಸಿ ತಾಳೆ ನೋಡುವವರನ್ನು ಆಗ ಹಾಗೆ ಕರೆಯುತ್ತಿದ್ದರು. ನನ್ನ ಮೇಜಿನ ಮೇಲಿದ್ದದ್ದು ಹಿಡಿಕೆ ತಿರುಗಿಸಿ ಲೆಕ್ಕ ಮಾಡುವ ಒಂದು ಹಳೆಯ ಯಂತ್ರ. ಅದರಲ್ಲಿ ಏಳು ಒತ್ತಿದರೆ ಗುಂಡಿ ಒಳಗೇ ಸಿಕ್ಕಿಕೊಳ್ಳುತ್ತಿತ್ತು.

ಅದು ತುರ್ತು ಪರಿಸ್ಥಿತಿಯ ಎರಡನೆಯ ವರ್ಷ. ನನಗೆ ಇಪ್ಪತ್ತನಾಲ್ಕು. ವಿಜಯಪುರವನ್ನು ನಾವಿನ್ನೂ ವಿಜಾಪುರ ಎನ್ನುತ್ತಿದ್ದೆವು. ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದೇ ಮಾತು, ಕೇಸು. ಕೇಸು ಎಂದರೆ ಮಕ್ಕಳಾಗದ ಆಪರೇಷನ್ನಿಗೆ ಕರೆತಂದ ಮನುಷ್ಯ. ಆರೋಗ್ಯ ಸಹಾಯಕರಿಗೆ, ಊರಿನ ಕಂದಾಯ ಲೆಕ್ಕ ಇಡುವ ತಲಾಟಿಗಳಿಗೆ, ಸಾಲಿ ಮಾಸ್ತರರಿಗೆ ಇಂತಿಷ್ಟು ಕೇಸು ಎಂದು ಗುರಿ ಹಾಕಿದ್ದರು. ಗುರಿ ಮುಟ್ಟದವರ ಪಗಾರ ನಿಲ್ಲುತ್ತಿತ್ತು. ನಮ್ಮ ಸಾಹೇಬರ ಪಗಾರವೂ ಒಮ್ಮೆ ನಿಂತಿತ್ತು.

ಬೆಂಗಳೂರಿನ ಪತ್ರದಲ್ಲಿದ್ದ ಯೋಜನೆ ಇಷ್ಟು. ತಿಕೋಟಾ ಮತ್ತು ಬಬಲೇಶ್ವರ, ಈ ಎರಡು ಆರೋಗ್ಯ ಕೇಂದ್ರಗಳ ದಂಪತಿ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಕೊಟ್ಟು, ಮೂರು ಅಥವಾ ಹೆಚ್ಚು ಮಕ್ಕಳಿರುವವರ ಪಟ್ಟಿ ತೆಗೆಯುವುದು. ಪ್ರಯೋಗ ಸರಿಹೋದರೆ ಇಡೀ ಜಿಲ್ಲೆಗೆ. ರಿಜಿಸ್ಟರುಗಳಲ್ಲಿ ಕೈಯಿಂದ ಹುಡುಕಿದರೆ ಬೇಕಾದವರನ್ನು ಬಿಡುತ್ತಾರೆ, ಬೇಡದವರನ್ನು ಸೇರಿಸುತ್ತಾರೆ, ಯಂತ್ರಕ್ಕೆ ಯಾರ ಮುಲಾಜೂ ಇಲ್ಲ ಎಂದು ಸಾಹೇಬರು ಹೇಳಿದರು. ನನಗೂ ಅದು ನ್ಯಾಯವಾಗಿಯೇ ಕಂಡಿತು. ನನ್ನ ತಂದೆ, ಅಬ್ಬಾ, ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಕೆಲಸದಲ್ಲಿದ್ದರು. ಬೆಂಗಳೂರಿನಲ್ಲಿ ನನ್ನ ಚಿಕ್ಕಮ್ಮ, ಖಾಲಾ, ಇದ್ದುದರಿಂದ ನಾನು ಮೂರು ವಾರಕ್ಕೆ ಹೋಗಿ ಬರಲು ಒಪ್ಪಿದರು.

ಕಂಪ್ಯೂಟರನ್ನು ನಾನು ಗಾಜಿನ ಆಚೆಯಿಂದ ಮಾತ್ರ ನೋಡಿದೆ. ನಮ್ಮ ಪಾಠವೆಲ್ಲ ಪಕ್ಕದ ಕೋಣೆಯಲ್ಲಿ, ಕಪ್ಪು ಹಲಗೆಯ ಮುಂದೆ. ಸಾಲಿಗೆ ಎಂಬತ್ತು ಚೌಕದ ಮನೆಗಳಿದ್ದ ಹಾಳೆಯಲ್ಲಿ ಒಂದೊಂದು ಮನೆಗೆ ಒಂದೊಂದು ಅಕ್ಷರ ಬರೆದು ಕೊಡಬೇಕು. ಅದನ್ನು ನೋಡಿಕೊಂಡು ಹೆಣ್ಣುಮಕ್ಕಳು ಕಾರ್ಡುಗಳಿಗೆ ತೂತು ಹಾಕುತ್ತಾರೆ. ಯಂತ್ರ ಆ ತೂತುಗಳನ್ನು ಓದುತ್ತದೆ. ನನ್ನ ಮೊದಲ ಪ್ರೋಗ್ರಾಂ ಐದು ಅಂಕಿ ಕೂಡಿಸುವುದು. ಒಂದು ಅಲ್ಪವಿರಾಮ ಬಿಟ್ಟದ್ದಕ್ಕೆ ಹದಿನೇಳು ತಪ್ಪುಗಳ ಪಟ್ಟಿ ಅಚ್ಚಾಗಿ ಬಂತು. ಮರುದಿನ ಅದನ್ನು ತಿದ್ದಿ ಕೊಟ್ಟೆ. ಸಂಜೆ ಕೈಗೆ ಬಂದ ಉದ್ದನೆಯ ಕಾಗದದ ನಡುವೆ ಒಂದೇ ಒಂದು ಅಂಕಿ ಇತ್ತು, ಸರಿಯಾದ ಮೊತ್ತ. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಖಾಲಾನ ಮನೆಗೆ ನಡೆದು ಹೋದೆ. ಬಸ್ಸು ಹತ್ತಬೇಕೆಂಬುದೇ ನೆನಪಾಗಲಿಲ್ಲ.

ಕಲಿಸುತ್ತಿದ್ದ ಮೇಷ್ಟ್ರು ಮತ್ತೆ ಮತ್ತೆ ಹೇಳಿದ ಮಾತು ಎರಡು. ಅಂಕಿಗಳನ್ನು ಅವುಗಳಿಗೆ ಇಟ್ಟ ಜಾಗದಲ್ಲಿ ಬಲಕ್ಕೆ ಒತ್ತಿ ಬರೆಯಬೇಕು, ಏಕೆಂದರೆ ಖಾಲಿ ಬಿಟ್ಟ ಮನೆಯನ್ನು ಯಂತ್ರ ಸೊನ್ನೆ ಎಂದು ಓದುತ್ತದೆ. ಇನ್ನೊಂದು, ಯಂತ್ರ ಓದಿದ್ದನ್ನು ಓದಿದ ಹಾಗೆಯೇ ಮೊದಲು ಅಚ್ಚು ಹಾಕಿಸಿ ನೋಡಬೇಕು. ನೀವು ಬರೆದದ್ದು, ಅದು ಓದಿದ್ದು ಎರಡೂ ಒಂದೇ ಎಂದು ನಂಬಿ ಕೂರಬೇಡಿ ಎನ್ನುತ್ತಿದ್ದರು. ಎರಡನ್ನೂ ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ವಿಜಯಪುರಕ್ಕೆ ಮರಳಿ ಬಂದ ಮೇಲೆ ಪ್ರೋಗ್ರಾಂ ಬರೆಯುವುದು ಅಂಚೆಯ ಕೆಲಸವಾಯಿತು. ಹಾಳೆಗಳ ಮೇಲೆ ಬರೆದು ರಿಜಿಸ್ಟರ್ಡ್ ಲಕೋಟೆಯಲ್ಲಿ ಕಳಿಸುವುದು, ಉತ್ತರಕ್ಕೆ ಎರಡು ವಾರ ಕಾಯುವುದು. ಮೊದಲ ಸಲ ಒಂದು ಕಂಸ ಕಡಿಮೆ ಎಂದು ಹಿಂದಕ್ಕೆ ಬಂತು. ಎರಡನೆಯ ಸಲ ನಾನು ಅಂಕಿ ಒಂದನ್ನೂ ಇಂಗ್ಲಿಷಿನ ಐ ಅಕ್ಷರವನ್ನೂ ಒಂದೇ ರೀತಿ ಬರೆದಿದ್ದೆ, ಕಾರ್ಡು ತೂತು ಮಾಡುವವರು ಅದನ್ನು ಹಾಗೆಯೇ ಅದಲುಬದಲು ಮಾಡಿದ್ದರು. ಮೂರನೆಯ ಸಲ, ತಿಕೋಟಾದ ಇಪ್ಪತ್ತು ದಂಪತಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಎಲ್ಲ ಸರಿ ಬಂತು. ಓದಿದ್ದೂ ಅಚ್ಚಾಗಿತ್ತು, ಆರಿಸಿದ್ದೂ ಅಚ್ಚಾಗಿತ್ತು. ರಿಜಿಸ್ಟರಿನೊಂದಿಗೆ ಒಂದೊಂದಾಗಿ ತಾಳೆ ನೋಡಿದೆ.

ಆಮೇಲೆ ಎಲ್ಲ ದಂಪತಿಗಳ ವಿವರವನ್ನು ಹಾಳೆಗೆ ಇಳಿಸುವ ಕೆಲಸ. ಊರಿನ ನಂಬರು, ಮನೆ ನಂಬರು, ಗಂಡನ ಹೆಸರು, ಹೆಂಡತಿಯ ವಯಸ್ಸು, ಬದುಕಿರುವ ಮಕ್ಕಳು. ಮಕ್ಕಳ ಸಂಖ್ಯೆಗೆ ನಾನು ಎರಡು ಮನೆ ಇಟ್ಟಿದ್ದೆ. ಹತ್ತು ಮಕ್ಕಳಿರುವ ಕುಟುಂಬಗಳೂ ಇದ್ದವಲ್ಲ. ತಿಕೋಟಾಕ್ಕೆ ಹೋಗಿ ಅಲ್ಲಿನ ಆರೋಗ್ಯ ಸಹಾಯಕರಿಗೆ ಒಂದು ಮಧ್ಯಾಹ್ನವಿಡೀ ತೋರಿಸಿಕೊಟ್ಟೆ. ಬಬಲೇಶ್ವರಕ್ಕೂ ಹೋದೆ. ಅಲ್ಲಿ ನಾಲ್ವರ ಪೈಕಿ ಒಬ್ಬರು ಮಲೇರಿಯಾ ಕೆಲಸಕ್ಕೆ ಹಳ್ಳಿಗೆ ಹೋಗಿದ್ದರು. ಅವರು ಬಂದ ಮೇಲೆ ನೀವೇ ತಿಳಿಸಿ ಎಂದು ಉಳಿದವರಿಗೆ ಹೇಳಿ ಸಂಜೆಯ ಬಸ್ಸಿಗೆ ಹೊರಟುಬಂದೆ.

ಬಬಲೇಶ್ವರದ ಕಟ್ಟು ತಡವಾಗಿ ಬಂತು. ಪಾರ್ಸಲ್ ಕಳಿಸುವ ಹಿಂದಿನ ದಿನ ಬಂತು. ಮೇಲಿನ ನಾಲ್ಕು ಹಾಳೆ ನೋಡಿದೆ, ಮುತ್ತು ಜೋಡಿಸಿದ ಹಾಗೆ ಬರೆದಿದ್ದರು. ಅಷ್ಟಕ್ಕೇ ದಾರ ಕಟ್ಟಿದೆ. ಅದರ ಜೊತೆಗಿಟ್ಟ ಪತ್ರದಲ್ಲಿ ಇನ್ನೊಂದು ಸಾಲು ಬರೆದೆ. ನಮಗೆ ಕೊಟ್ಟ ಯಂತ್ರದ ಸಮಯ ಕಡಿಮೆ, ಪಟ್ಟಿ ಬೇಗ ಬೇಕು ಎಂದು ಸಾಹೇಬರು ಅವಸರಿಸುತ್ತಿದ್ದರು. ಓದಿದ್ದನ್ನೆಲ್ಲ ಅಚ್ಚು ಹಾಕಿದರೆ ಸಮಯವೂ ಹಾಳೆಯೂ ಎರಡರಷ್ಟು ಬೇಕು. ಆದ್ದರಿಂದ ಪ್ರೋಗ್ರಾಮಿನ ಹನ್ನೊಂದನೆಯ ಕಾರ್ಡನ್ನು ತೆಗೆದುಬಿಡಿ ಎಂದು ಬರೆದೆ. ಓದಿದ್ದನ್ನು ಅಚ್ಚು ಹಾಕುವ ಕಾರ್ಡು ಅದೇ. ಆರಿಸಿದ ಪಟ್ಟಿಯಲ್ಲಿ ಮಕ್ಕಳ ಸಂಖ್ಯೆ ಅಚ್ಚಾಗುವಂತೆಯೂ ನಾನು ಇಟ್ಟಿರಲಿಲ್ಲ. ಊರು, ಮನೆ ನಂಬರು, ಹೆಸರು ಸಾಕು, ಪಟ್ಟಿಯಲ್ಲಿ ಬಂದವರೆಲ್ಲ ಮೂರು ಅಥವಾ ಹೆಚ್ಚು ಮಕ್ಕಳಿರುವವರೇ ತಾನೆ ಎಂದು ಸಾಹೇಬರು ಅಂದಿದ್ದರು.

ಪಟ್ಟಿ ಬಂದ ದಿನ ಕಚೇರಿಯಲ್ಲಿ ಹಬ್ಬ. ಅಂಚಿನಲ್ಲಿ ಸಾಲು ತೂತುಗಳಿದ್ದ, ಮಡಿಕೆ ಬಿಚ್ಚಿದರೆ ಬಾಗಿಲವರೆಗೆ ಹೋಗುವ ಕಾಗದ. ಸಾಹೇಬರು ಬಂದವರಿಗೆಲ್ಲ ಬಿಚ್ಚಿ ತೋರಿಸಿದರು. ನಮ್ಮ ಹುಡುಗಿ ಬರೆದ ಪ್ರೋಗ್ರಾಂ ಎಂದು ನನ್ನತ್ತ ಕೈ ಮಾಡಿದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಎರಡು ದಿನದಲ್ಲಿ ಪಟ್ಟಿಯನ್ನು ಊರುಗಳ ಲೆಕ್ಕದಲ್ಲಿ ಕತ್ತರಿಸಿ ಆಯಾ ಕೇಂದ್ರದ ಮೇಲ್ವಿಚಾರಕರಿಗೆ ಕಳಿಸಿದೆವು. ಶಿಬಿರಗಳು ಶುರುವಾದವು.

ಮೂರು ವಾರದ ಮೇಲೆ, ಒಂದು ಗುರುವಾರ ಬೆಳಿಗ್ಗೆ, ಬಬಲೇಶ್ವರದ ಹತ್ತಿರದ ಹಳ್ಳಿಯಿಂದ ಒಬ್ಬ ಹೆಂಗಸು ತನ್ನ ಅಣ್ಣನ ಜೊತೆ ಕಚೇರಿಗೆ ಬಂದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಜವಾನ ಎರಡು ಸಲ ಅಟ್ಟಿದರೂ ಪಡಸಾಲೆಯಲ್ಲೇ ಕೂತಿದ್ದಳು. ಪಟ್ಟಿ ಮಾಡಿದ ಬಾಯಾರು ಯಾರು ಎಂದು ಕೇಳುತ್ತಿದ್ದಾಳೆಂದು ತಿಳಿದು ನಾನೇ ಹೊರಗೆ ಹೋದೆ.

“ಬಾಯಾರ, ಒಂದ ಮಾತ ಕೇಳಾಕ ಬಂದೀನ್ರಿ,” ಅಂದಳು. “ನನ್ನ ಗಂಡಗ ಎಷ್ಟ ಮಕ್ಕಳ ಅದಾವಂತ ನಿಮ್ಮ ಮಷೀನ್ಯಾಗ ಬಂದೈತ್ರಿ?”

ನನಗೆ ಅರ್ಥವಾಗಲಿಲ್ಲ. ನಿನಗೆ ಎಷ್ಟು ಮಕ್ಕಳು ಎಂದು ಕೇಳಿದೆ.

“ನಾ ಹಡದಿದ್ದು ಒಂದ ಹೆಣ್ಣ ಕೂಸರಿ. ಉಳದಾವು ಎಲ್ಲ್ಯದಾವು, ಅದನ್ನ ಹೇಳ್ರಿ.”

ಉಳಿದದ್ದನ್ನು ಅವಳ ಅಣ್ಣ ಹೇಳಿದ. ಅವಳ ಗಂಡ ವರ್ಷವೂ ಸುಗ್ಗಿಯಲ್ಲಿ ಸಾಂಗಲಿ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದ. ಆರು ತಿಂಗಳು ಅಲ್ಲೇ. ಕೂಸು ಹುಟ್ಟಿದಾಗಿನಿಂದ ಇವಳು ಜೊತೆಗೆ ಹೋಗಿರಲಿಲ್ಲ. ಶಿಬಿರದ ದಿನ ಮೇಲ್ವಿಚಾರಕರು ಜೀಪು ತಂದು ಅವನ ಹೆಸರು ಕೂಗಿದರು. ನನಗೆ ಒಂದೇ ಮಗು ಎಂದು ಅವನು ಹೇಳಿದ್ದಾನೆ. ಬೆಂಗಳೂರಿನ ಮಷೀನು ಆರಿಸಿ ತೆಗೆದಿದೆ, ಮೂರಕ್ಕಿಂತ ಕಡಿಮೆ ಇದ್ದವರ ಹೆಸರು ಬರುವುದೇ ಇಲ್ಲ ಎಂದು ಅವರು ಪಟ್ಟಿ ತೋರಿಸಿದ್ದಾರೆ. ರೇಷನ್ ಕಾರ್ಡು ರದ್ದಾಗುತ್ತದೆ ಎಂದಿದ್ದಾರೆ. ಅವನು ಜೀಪು ಹತ್ತಿದ. ಆಪರೇಷನ್ ಆಯಿತು. ಆದರೆ ಜೀಪಿನ ಸುತ್ತ ನಿಂತವರೆಲ್ಲ ಆ ಮಾತು ಕೇಳಿಸಿಕೊಂಡಿದ್ದರು. ಸಾಂಗಲಿಯಲ್ಲಿ ಅವನಿಗೆ ಇನ್ನೊಂದು ಸಂಸಾರವಿದೆ, ಅಲ್ಲಿಯ ಮಕ್ಕಳನ್ನೂ ಮಷೀನು ಹಿಡಿದಿದೆ ಎಂದು ಊರು ಮಾತಾಡಿಕೊಂಡಿತು. ಅತ್ತೆಯೂ ನಂಬಿದಳು. ಗಾಯ ಕೀವು ತುಂಬಿ ಅವನು ಮಲಗಿದ್ದ. ಇವಳು ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು.

ಅವರನ್ನು ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಬಂದೆ. ಹಾಳೆಗಳ ಕಾರ್ಬನ್ ಪ್ರತಿಗಳು ಕಪಾಟಿನಲ್ಲಿದ್ದವು. ಅವಳ ಊರಿನ ಹಾಳೆ ಸಿಗಲು ತಡವಾಗಲಿಲ್ಲ. ಅವಳ ಗಂಡನ ಹೆಸರಿನ ಸಾಲಿನಲ್ಲಿ, ಮಕ್ಕಳಿಗೆಂದು ಇಟ್ಟ ಎರಡು ಮನೆಗಳಲ್ಲಿ, ಒಂದು ಎಂಬ ಅಂಕಿ ಎಡಗಡೆಯ ಮನೆಯಲ್ಲಿತ್ತು. ಬಲಗಡೆಯದು ಖಾಲಿ. ಯಂತ್ರ ಅದನ್ನು ಹತ್ತು ಎಂದು ಓದಿತ್ತು.

ಕೆಳಗಿನ ಸಾಲು ನೋಡಿದೆ. ಎರಡು, ಎಡಕ್ಕೆ. ಅದರ ಕೆಳಗೆ ಒಂದು, ಎಡಕ್ಕೆ. ಇಡೀ ಹಾಳೆ ಹಾಗೆಯೇ ಇತ್ತು. ಮುಂದಿನ ಹಾಳೆಯೂ ಹಾಗೆಯೇ.

ಹೊರಗೆ ಹೋಗಿ ಅವಳಿಗೆ ಹೇಳಿದೆ. ನಿನ್ನ ಗಂಡನಿಗೆ ಇರುವುದು ಒಂದೇ ಮಗು, ಹಾಳೆಯಲ್ಲಿಯೂ ಒಂದೇ ಎಂದಿದೆ, ಮಷೀನು ತಪ್ಪು ಓದಿದೆ, ಅದನ್ನು ಹಾಗೆ ಓದುವಂತೆ ಬಿಟ್ಟವಳು ನಾನು ಎಂದೆ. ಇದನ್ನು ನಮ್ಮ ಊರಿಗೆ ಬಂದು ಹೇಳುತ್ತೀರಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಆ ಮಾತು ಬಾಯಿಂದ ಹೊರಟಾಗ ನಾನು ಇನ್ನೂ ಏನನ್ನೂ ಯೋಚಿಸಿರಲಿಲ್ಲ.

ಆ ಹಾಳೆಗಳನ್ನು ಬರೆದವರು ಮಲೇರಿಯಾ ಕೆಲಸಕ್ಕೆ ಹೋಗಿದ್ದ ಆ ಆರೋಗ್ಯ ಸಹಾಯಕರೇ. ಅದೇ ದಿನ ಮಧ್ಯಾಹ್ನ ಅವರು ವರದಿ ಕೊಡಲು ಕಚೇರಿಗೆ ಬಂದಿದ್ದರು. ಹಾಳೆ ತೋರಿಸಿದೆ. ಬಲಕ್ಕೆ ಬರೆಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಒಂದ ಅಂದ್ರ ಒಂದರಿ ಬಾಯಾರ,” ಅಂದರು. “ಎಲ್ಲಿ ಬರದ್ರೂ ಒಂದ.”

ಮನುಷ್ಯರ ಲೆಕ್ಕದಲ್ಲಿ ಅವರು ಹೇಳಿದ್ದೇ ಸರಿ. ಹೇಳಬೇಕಾದವಳು ನಾನು, ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದಿದ್ದೆ.

ಆ ಮಧ್ಯಾಹ್ನವೂ ಮರುದಿನವೂ ಹಳೆಯ ರೀತಿಯಲ್ಲೇ ಕೆಲಸ ಮಾಡಿದೆ. ಅವರು ಬರೆದ ಹಾಳೆಗಳನ್ನೆಲ್ಲ ಬೇರೆ ತೆಗೆದು, ಒಂದು ಎರಡು ಎಂದಿದ್ದ ಸಾಲುಗಳನ್ನು ಪಟ್ಟಿಯ ಕಚೇರಿ ಪ್ರತಿಯೊಂದಿಗೆ ಪೆನ್ಸಿಲ್ ಹಿಡಿದು ಹೋಲಿಸಿದೆ. ಎರಡು ಊರುಗಳಿಂದ ಅರವತ್ತೊಂದು ಹೆಸರು ತಪ್ಪಾಗಿ ಪಟ್ಟಿಗೆ ಸೇರಿದ್ದವು. ಶಿಬಿರದ ರಿಜಿಸ್ಟರಿನಲ್ಲಿ ಅವುಗಳನ್ನು ಹುಡುಕಿದೆ. ಒಂಬತ್ತು ಜನರ ಆಪರೇಷನ್ ಆಗಿಹೋಗಿತ್ತು. ಆ ಒಂಬತ್ತರಲ್ಲಿ ನಾಲ್ವರಿಗೆ ಒಂದೇ ಮಗು. ಅಬ್ಬಾ ಊಟಕ್ಕೆ ಕರೆದಾಗ ಹಸಿವಿಲ್ಲವೆಂದೆ. ಮುಂದಿನ ಶಿಬಿರ ಸೋಮವಾರವಿತ್ತು.

ಶನಿವಾರ ಬೆಳಿಗ್ಗೆ ಅರವತ್ತೊಂದು ಹೆಸರಿನದು, ಒಂಬತ್ತು ಹೆಸರಿನದು ಎರಡೂ ಪಟ್ಟಿ ಹಿಡಿದು ಸಾಹೇಬರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಕೆಟ್ಟ ಮನುಷ್ಯರಲ್ಲ. ಬೆಂಗಳೂರಿಗೆ ಹೊರಟಾಗ ತಮ್ಮ ಹೆಂಡತಿಯ ಸ್ವೆಟರನ್ನು ನನಗೆ ಕೊಟ್ಟು ಕಳಿಸಿದ್ದರು.

“ನೋಡವಾ,” ಅಂದರು, “ಮಷೀನಿನ ತಪ್ಪು ಅಂತ ಬರದ ಬೆಂಗಳೂರಿಗೆ ಕಳಸು. ಅವರು ತಿದ್ದಿ ಕಳಸಲಿ. ಅಲ್ಲೀತನಕ ಸುಮ್ಮನಿರು.”

ಬೆಂಗಳೂರಿನಿಂದ ಪಟ್ಟಿ ಬರಲು ಒಂದು ತಿಂಗಳು ಬೇಕು, ಸೋಮವಾರದ ಶಿಬಿರಕ್ಕೆ ಉಳಿದ ಐವತ್ತೆರಡು ಹೆಸರು ಕೂಗುತ್ತಾರೆ ಎಂದೆ. ಮಷೀನಿನ ತಪ್ಪಲ್ಲ, ನಾನು ಬರೆದ ಪ್ರೋಗ್ರಾಮಿನ ಹಾಗೆ ಅದು ಓದಿದೆ ಎಂದೂ ಹೇಳಿದೆ.

“ಪಟ್ಟಿ ತಪ್ಪೈತಿ ಅಂತ ಈಗ ನಾ ಬರದಕೊಟ್ರ, ನನ್ನ ಮನಿಗಿ ಕಳಸ್ತಾರ. ನಿನ್ನೂ ಬಿಡೂದಿಲ್ಲ. ನನಗ ಇನ್ನ ಎರಡ ವರ್ಷ ನೌಕರಿ ಐತಿ.” ಅವರ ದನಿ ಏರಲೇ ಇಲ್ಲ. ಕಿಟಕಿಯ ಕಡೆ ನೋಡುತ್ತ ಹೇಳಿದರು.

ನಾನು ನನ್ನ ಜಾಗಕ್ಕೆ ಬಂದು ಕೂತೆ. ಸುಮ್ಮನಿರುವುದು ಎಷ್ಟು ಸುಲಭ ಎಂದು ಆಗ ಚೆನ್ನಾಗಿ ಗೊತ್ತಾಯಿತು. ಯಾರೂ ನನ್ನನ್ನು ಕೇಳುವವರಿರಲಿಲ್ಲ. ಹಾಳೆ ಓದಬಲ್ಲವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ. ಖಾಲಿ ಮನೆ ಸೊನ್ನೆಯಾಗುತ್ತದೆ ಎಂಬುದು ನಾನು ಹೇಳದ ಹೊರತು ಬೇರೆ ಯಾರಿಗೂ ತಿಳಿಯದ ಸಂಗತಿ. ಅದೇ ನನ್ನನ್ನು ಹೆದರಿಸಿತು. ಅರ್ಧ ದಿನದ ರಜೆ ಚೀಟಿ ಬರೆದು ಸಾಹೇಬರ ಮೇಜಿನ ಮೇಲಿಟ್ಟು, ಅರವತ್ತೊಂದು ಹೆಸರಿನ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ.

ಅಲ್ಲಿನ ಮೇಲ್ವಿಚಾರಕರು ಮೊದಲು ಒಪ್ಪಲಿಲ್ಲ. ಪಟ್ಟಿ ಮೇಲಿನಿಂದ ಬಂದದ್ದು, ಅದರಲ್ಲಿ ಗೆರೆ ಎಳೆಯಲು ನನಗಾಗಲಿ ನಿಮಗಾಗಲಿ ಅಧಿಕಾರವಿಲ್ಲ ಎಂದರು. ನಾನು ಕಾರ್ಬನ್ ಹಾಳೆಗಳನ್ನು ಅವರ ಮುಂದೆ ಹರಡಿದೆ. ಅವರು ಬಹಳ ಹೊತ್ತು ನೋಡಿದರು. ಆಪರೇಷನ್ ಆದ ಆ ನಾಲ್ವರಿಗೆ ಒಂದೇ ಮಗು ಎಂಬುದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಅವರು ತಮ್ಮ ಪಟ್ಟಿಯನ್ನು ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟು, ಚಹಾ ಕುಡಿದು ಬರುತ್ತೇನೆಂದು ಹೊರಗೆ ಹೋದರು. ಐವತ್ತೆರಡು ಹೆಸರುಗಳ ಮೇಲೆ ಕೆಂಪು ಗೆರೆ ಎಳೆದೆ. ಪ್ರತಿ ಗೆರೆಯ ಪಕ್ಕದಲ್ಲಿ ಸಹಿ ಮಾಡಿದೆ. ಕೆಳಗೆ ನನ್ನ ಹೆಸರು, ಹುದ್ದೆ ಬರೆದೆ.

ಅಲ್ಲಿಂದ ಆ ಹೆಂಗಸಿನ ಗಂಡನ ಊರು ಎರಡು ಮೈಲು. ನಡೆದು ಹೋದೆ. ಆಗತಾನೆ ಜೋಳ ಬಿತ್ತಿದ್ದ ಕರಿಯ ಹೊಲಗಳು. ಬಬಲೇಶ್ವರದಲ್ಲಿ ಇಳಿದ ಕೂಡಲೇ ಅವಳ ಅಣ್ಣನಿಗೆ ಹೇಳಿ ಕಳಿಸಿದ್ದರಿಂದ ಅವಳೂ ತವರಿನಿಂದ ಬಂದು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಹೋಗಿರಲಿಲ್ಲ. ಗಂಡ ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿದ್ದ. ಅವನ ತಾಯಿ ಒಲೆಯ ಮುಂದಿನಿಂದ ಏಳಲಿಲ್ಲ. ಓಣಿಯ ಜನ ಬಂದು ನಿಂತರು.

ನಾನು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಇಂಥವರಿಗೆ ಒಂದೇ ಹೆಣ್ಣು ಮಗು. ಕಚೇರಿಯ ದಾಖಲೆಯಲ್ಲಿಯೂ ಒಂದೇ ಎಂದಿದೆ. ಪಟ್ಟಿಯಲ್ಲಿ ಇವರ ಹೆಸರು ಬಂದದ್ದು ಪಟ್ಟಿ ತಯಾರಿಸಿದ ನನ್ನ ತಪ್ಪಿನಿಂದ. ಅದನ್ನು ಎಲ್ಲರಿಗೂ ಕೇಳುವಂತೆ ಎರಡು ಸಲ ಓದಿದೆ. ಮಷೀನಿಗೆ ಸಾಂಗಲಿಯೂ ಗೊತ್ತಿಲ್ಲ, ಈ ಊರೂ ಗೊತ್ತಿಲ್ಲ, ಅದು ತೂತುಗಳನ್ನು ಮಾತ್ರ ಓದುತ್ತದೆ ಎಂದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಂಡತಿ ಎದ್ದು ಒಳಗೆ ಬಂದು ಕಾಗದ ತೆಗೆದುಕೊಂಡು ಗಂಡನ ಕೈಗೆ ಕೊಟ್ಟಳು.

ಅವನಿಗೆ ಓದು ಬರುತ್ತಿರಲಿಲ್ಲ.

“ಇದನ್ನ ತಗೊಂಡ ದವಾಖಾನಿಗೆ ಹ್ವಾದ್ರ, ನನ್ನ ಮೊದಲಿನಂಗ ಮಾಡ್ತಾರೇನ್ರಿ?” ಎಂದು ಕೇಳಿದ.

ದೊಡ್ಡ ಊರುಗಳಲ್ಲಿ ಮತ್ತೆ ಜೋಡಿಸುವ ಆಪರೇಷನ್ ಮಾಡುತ್ತಾರೆ, ಕೂಡುವುದು ಕಡಿಮೆ ಎಂದು ನಿಜವನ್ನೇ ಹೇಳಿದೆ. ಅವನು ತಲೆ ಆಡಿಸಿದ. ಅವನ ಗಾಯಕ್ಕೆ ಔಷಧಿ ಹಾಕಲು ಕೇಂದ್ರದ ನರ್ಸಬಾಯಿಗೆ ತಿಳಿಸುತ್ತೇನೆಂದು ಹೇಳಿ ಹೊರಟೆ. ಆಪರೇಷನ್ ಆದ ಉಳಿದ ಎಂಟು ಜನರ ಮನೆಗಳಿಗೂ ಮುಂದಿನ ಎರಡು ಭಾನುವಾರಗಳಲ್ಲಿ ಹೋದೆ. ಒಂದು ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ. ಒಂದರಲ್ಲಿ ಮುದುಕಿಯೊಬ್ಬಳು ನನ್ನ ಮೇಲೆ ಮುಸುರೆ ನೀರು ಎರಚಿದಳು. ಇನ್ನೊಂದರಲ್ಲಿ ಚಹಾ ಕೊಟ್ಟರು. ಅದನ್ನು ಕುಡಿಯುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಸೋಮವಾರದ ಶಿಬಿರಕ್ಕೆ ಆ ಐವತ್ತೆರಡು ಜನರಲ್ಲಿ ಯಾರನ್ನೂ ಕರೆಯಲಿಲ್ಲ. ಬುಧವಾರ ನನಗೆ ನೋಟೀಸು ಬಂತು. ಅಧಿಕಾರವಿಲ್ಲದೆ ಸರಕಾರಿ ದಾಖಲೆ ತಿದ್ದಿದ್ದಕ್ಕೆ ವಿವರಣೆ ಕೊಡಬೇಕೆಂದು ಕೇಳಿದ್ದರು. ನಡೆದದ್ದನ್ನು ನಡೆದ ಹಾಗೆ ನಾಲ್ಕು ಪುಟ ಬರೆದೆ. ಸಾಹೇಬರು ಅದರ ಮೇಲೆ ಏನು ಷರಾ ಬರೆದರೋ ಗೊತ್ತಿಲ್ಲ. ನನ್ನ ನೌಕರಿ ಹೋಗಲಿಲ್ಲ. ಎರಡು ವರ್ಷದ ಇಂಕ್ರಿಮೆಂಟು ಹೋಯಿತು, ಮುಂದಿನ ತರಬೇತಿಗೆ ಬೇರೆಯವರ ಹೆಸರು ಹೋಯಿತು.

ಪ್ರೋಗ್ರಾಮನ್ನು ಮಾತ್ರ ನನ್ನ ಕೈಯಿಂದಲೇ ತಿದ್ದಿದೆ. ಮಕ್ಕಳ ಸಂಖ್ಯೆ ಒಂಬತ್ತರ ಮೇಲಿದ್ದರೆ ಆ ದಂಪತಿಯನ್ನು ಪಟ್ಟಿಗೆ ಹಾಕದೆ ಬೇರೆ ಕಾಗದದಲ್ಲಿ ಅಚ್ಚು ಹಾಕಿ ನಿಲ್ಲಬೇಕು ಎಂಬ ಒಂದು ಸಾಲು. ಎಡಕ್ಕೆ ಬರೆದ ಹಾಳೆಗಳನ್ನು ಬಲಕ್ಕೆ ತಿದ್ದಿ ಕಳಿಸಿ, ಹನ್ನೊಂದನೆಯ ಕಾರ್ಡನ್ನು ಮತ್ತೆ ಅದರ ಜಾಗಕ್ಕೆ ಸೇರಿಸಲು ಬರೆದೆ. ಸರಿಯಾದ ಪಟ್ಟಿ ಬಂದಾಗ ಚಳಿ ಮುಗಿದಿತ್ತು. ಅಷ್ಟರಲ್ಲಿ ಚುನಾವಣೆ ಸಾರಿದ್ದರು, ಶಿಬಿರಗಳು ನಿಂತಿದ್ದವು. ಯಾರೂ ಅದನ್ನು ಬಿಚ್ಚಿ ನೋಡಲಿಲ್ಲ. ನಾನೊಬ್ಬಳೇ ಕೂತು ಕೊನೆಯ ಹೆಸರಿನವರೆಗೆ ರಿಜಿಸ್ಟರಿನೊಂದಿಗೆ ತಾಳೆ ನೋಡಿದೆ. ಒಂದು ತಪ್ಪೂ ಇರಲಿಲ್ಲ.

ಎರಡು ವರ್ಷದ ಮೇಲೆ ಒಂದು ದಿನ ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ಹೆಂಗಸು ಸಿಕ್ಕಳು. ನಾನು ಗುರುತು ಹಿಡಿಯುವ ಮೊದಲೇ ಅವಳು ಹಿಡಿದಳು. ಜೊತೆಗೆ ನಾಲ್ಕೈದು ವರ್ಷದ ಹುಡುಗಿ, ಕೈಯಲ್ಲಿ ಹೊಸ ಪಾಟಿ, ಬಳಪ. ಗಂಡ ಹೇಗಿದ್ದಾನೆ, ಸುಗ್ಗಿಗೆ ಹೋಗುತ್ತಾನೆಯೇ ಎಂದು ಕೇಳಿದೆ. ಇಲ್ಲ, ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಕೂಲಿ ಸಿಕ್ಕಷ್ಟು ಮಾಡುತ್ತಾನೆ, ಸಂತೆಗೂ ನನ್ನನ್ನು ಕರೆದುಕೊಂಡೇ ಹೋಗುತ್ತಾನೆ ಎಂದಳು. ನೀನು ಆವತ್ತು ನನ್ನ ಮಾತು ನಂಬಿದೆಯಲ್ಲ ಎಂದು ಕೇಳಿದೆ. ಎರಡು ವರ್ಷದಿಂದ ಅದನ್ನು ಕೇಳಬೇಕೆಂದಿದ್ದೆ.

“ನಾ ನಂಬೀನ್ರಿ ಬಾಯಾರ, ಆವತ್ತ ನಂಬೀನಿ,” ಅಂದಳು. “ನಾ ನಂಬೀನಿ ಅನ್ನೂದು ಅಂವಗ ಇನ್ನೂ ನಂಬಿಕಿ ಬಂದಿಲ್ಲರಿ.”

ಬಬಲೇಶ್ವರದ ಬಸ್ಸು ಬಂತು. ಹುಡುಗಿಯನ್ನು ಮುಂದೆ ಹತ್ತಿಸಿ, ತಾನೂ ಹತ್ತಿ, ಒಳಗೆ ಹೋದಳು.